ಹಾಡು ಹುಟ್ಟುವ ಬಗೆಯನ್ನೇ ಸಂಶೋಧನೆ ಮಾಡಬೇಕೆ? ಶುರು ಮಾಡುವುದು ಹೀಗೆ

"ನನಗೆ ಸಂಗೀತ ಅಂದ್ರೆ ಪ್ರಾಣ. ಅದರ ಮೇಲೇ ಪಿಎಚ್‌ಡಿ ಮಾಡಬೇಕು." ಹೀಗೆ ಹೇಳುವವರು ತುಂಬಾ ಜನ. ಆ ಪ್ರೀತಿ ಇರಲೇಬೇಕು, ಎರಡು ಮಾತಿಲ್ಲ. ವರ್ಷಗಟ್ಟಲೆ ಒಂದೇ ವಿಷಯದ ಬೆನ್ನು ಹತ್ತಲು ಬರೀ ಶಿಸ್ತು ಸಾಲುವುದಿಲ್ಲ. ಆದರೆ ಅರ್ಜಿ ನೋಡುವ ಸಮಿತಿ ಕೇಳುವುದೇ ಬೇರೆ. ನಿಮಗೆ ಇನ್ನೂ ಗೊತ್ತಿಲ್ಲದ್ದು ಏನು? ಅದನ್ನು ಹೇಗೆ ಪತ್ತೆ ಮಾಡುತ್ತೀರಿ? ಈ ಎರಡಕ್ಕೆ ಉತ್ತರ ಇಲ್ಲದ ಅರ್ಜಿ, ಎಷ್ಟೇ ಪ್ರೀತಿಯಿಂದ ಬರೆದಿದ್ದರೂ, ಪಕ್ಕಕ್ಕೆ ಹೋಗುತ್ತದೆ.

ಸೃಜನಶೀಲತೆ, ಜನಪ್ರಿಯ ಸಂಗೀತ, ಮಾಧ್ಯಮ ಈ ಮೂರೂ ಸೇರುವ ಜಾಗದಲ್ಲಿ ಸಂಶೋಧಕರಾಗಿ, ಅಧ್ಯಾಪಕರಾಗಿ ಬದುಕು ಕಟ್ಟಿಕೊಳ್ಳಬೇಕು ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ: ಪ್ರಶ್ನೆ ಕಿರಿದಾಗಿರಲಿ, ತಯಾರಿ ಅಗಲವಾಗಿರಲಿ. ಇದು ತಲೆಕೆಳಗಾದರೆ ಕಷ್ಟ. ದೊಡ್ಡ ಪ್ರಶ್ನೆ ಹಿಡಿದವರ ಥೀಸಿಸ್ ಮುಗಿಯುವುದಿಲ್ಲ. ತಯಾರಿ ಕಿರಿದಾದವರಿಗೆ ಥೀಸಿಸ್ ಮುಗಿದ ಮೇಲೆ ಕೆಲಸ ಸಿಗುವುದು ಕಷ್ಟ.

ಹೆಜ್ಜೆ 1: ಹಿಂದಿನವರು ಏನು ಹೇಳಿದ್ದಾರೆ, ತಿಳಿದುಕೊಳ್ಳಿ

ಮೂರು ಬೇರೆ ಬೇರೆ ಕಡೆಯಿಂದ ಬಂದ ಓದು ಇಲ್ಲಿ ಸೇರಿದೆ.

ಮೊದಲನೆಯದು ಸೃಜನಶೀಲತೆಯ ಅಧ್ಯಯನ. ಇಂಗ್ಲೆಂಡಿನ ಚಿಂತಕ ಗ್ರಹಾಂ ವಾಲಸ್ 1926ರಲ್ಲಿ ಸೃಜನಶೀಲ ಯೋಚನೆಗೆ ನಾಲ್ಕು ಹಂತಗಳನ್ನು ಗುರುತಿಸಿದರು. ತಯಾರಿ ಮಾಡುವುದು, ಅದು ಒಳಗೊಳಗೇ ಮಾಗುವುದು, ಥಟ್ಟನೆ ಹೊಳೆಯುವುದು, ಹೊಳೆದದ್ದನ್ನು ಒರೆಗೆ ಹಚ್ಚುವುದು. 1950ರಲ್ಲಿ ಜೆ. ಪಿ. ಗಿಲ್ಫರ್ಡ್ ಅವರು ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಶನ್ನಿನ ಅಧ್ಯಕ್ಷ ಭಾಷಣದಲ್ಲಿ, ಮನಶ್ಶಾಸ್ತ್ರಜ್ಞರು ಈ ವಿಷಯವನ್ನು ಕಡೆಗಣಿಸಿದ್ದಾರೆ ಎಂದು ನೇರವಾಗಿ ಹೇಳಿದರು. ಅಲ್ಲಿಂದ ಸಂಶೋಧನೆ ಜೋರಾಯಿತು. ಆದರೂ ಬಹುಕಾಲ ಎಲ್ಲರೂ ಹುಡುಕುತ್ತಿದ್ದದ್ದು ಒಬ್ಬ ವ್ಯಕ್ತಿಯ ತಲೆಯೊಳಗೆ.

1988ರಲ್ಲಿ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಪ್ರಶ್ನೆಯನ್ನೇ ಬದಲಿಸಿದರು. ಸೃಜನಶೀಲತೆ ಏನು ಎಂದು ಕೇಳುವ ಬದಲು, ಎಲ್ಲಿದೆ ಎಂದು ಕೇಳೋಣ ಎಂದರು. ಅವರ ಉತ್ತರದಲ್ಲಿ ಮೂರು ಭಾಗ ಇದೆ. ಒಂದು, ಮಾಡುವ ವ್ಯಕ್ತಿ. ಎರಡು, ಆ ಕಲೆಯ ಪರಂಪರೆ ಮತ್ತು ರೂಢಿಗಳು. ಮೂರು, "ಇದು ಹೊಸದು, ಇದು ಇರಲಿ" ಎಂದು ಒಪ್ಪುವ ಜನ. ಇದನ್ನು ಹಾಡಿಗೆ ಹೊಂದಿಸಿ ನೋಡಿ. ಬರೆಯುವವರು, ಟ್ಯೂನ್ ಹಾಕುವವರು ವ್ಯಕ್ತಿ. ಅವರು ಕೇಳುತ್ತಾ ಬೆಳೆದ ಹಾಡುಗಳು, ತಾಳ, ಪ್ರಾಸ, ಪಲ್ಲವಿ ಚರಣದ ಕಟ್ಟು ಪರಂಪರೆ. ಪ್ರೊಡ್ಯೂಸರ್, ರೆಕಾರ್ಡಿಂಗ್ ಕಂಪನಿ, ರೇಡಿಯೊ, ಪ್ಲೇಲಿಸ್ಟ್ ಮಾಡುವವರು, ಕೇಳುಗರು ಒಪ್ಪುವ ಜನ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಫಿಲಿಪ್ ಮ್ಯಾಕಿಂಟೈರ್ ಈ ಮಾದರಿಯನ್ನು ಗೀತರಚನೆಗೆ ಅನ್ವಯಿಸಿ ಬರೆದವರಲ್ಲಿ ಪ್ರಮುಖರು. ಅವರು ಸ್ವತಃ ಹಾಡು ಬರೆದವರು, ಸ್ಟುಡಿಯೊದಲ್ಲಿ ಕೆಲಸ ಮಾಡಿದವರು ಎಂಬುದನ್ನು ಗಮನಿಸಿ.

ಎರಡನೆಯದು ಜನಪ್ರಿಯ ಸಂಗೀತದ ಅಧ್ಯಯನ. ಜರ್ಮನಿಯ ತತ್ವಜ್ಞಾನಿ ಥಿಯೊಡರ್ ಅಡೋರ್ನೊ 1941ರಲ್ಲಿ, ಜನಪ್ರಿಯ ಹಾಡುಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು, ಒಂದರ ಭಾಗ ತೆಗೆದು ಇನ್ನೊಂದಕ್ಕೆ ಜೋಡಿಸಿದರೂ ವ್ಯತ್ಯಾಸ ಆಗದು ಎಂಬ ಅರ್ಥದಲ್ಲಿ ವಾದಿಸಿದರು. ಆ ಮಾತಿಗೆ ಉತ್ತರ ಕೊಡುತ್ತಲೇ ಈ ಕ್ಷೇತ್ರ ಬೆಳೆಯಿತು ಎಂದರೂ ತಪ್ಪಾಗದು. 'ಪಾಪ್ಯುಲರ್ ಮ್ಯೂಸಿಕ್ ಆಂಡ್ ಸೊಸೈಟಿ' ಜರ್ನಲ್ 1971ರಲ್ಲಿ ಶುರುವಾಯಿತು. ಕೇಂಬ್ರಿಡ್ಜ್‌ನ 'ಪಾಪ್ಯುಲರ್ ಮ್ಯೂಸಿಕ್' ಜರ್ನಲ್ ಮತ್ತು ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಪಿಎಂ ಎರಡೂ ಹುಟ್ಟಿದ್ದು 1981ರಲ್ಲಿ. 1988ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಮೀಸಲಾದ ಒಂದು ಸಂಸ್ಥೆ ಬಂತು. ಅಂದರೆ ಇದು ಇನ್ನೂ ಎಳೆಯ ಕ್ಷೇತ್ರ. ಕೇಳದೆ ಉಳಿದ ಪ್ರಶ್ನೆಗಳು ಬೇಕಾದಷ್ಟಿವೆ.

ಮೂರನೆಯದು ಮಾಧ್ಯಮ ಮತ್ತು ಸಂಸ್ಕೃತಿಯ ಅಧ್ಯಯನ. ರಿಚರ್ಡ್ ಹೊಗಾರ್ಟ್ 1964ರಲ್ಲಿ ಬರ್ಮಿಂಗ್‌ಹ್ಯಾಂನಲ್ಲಿ ಕಟ್ಟಿದ, ಆಮೇಲೆ ಸ್ಟುವರ್ಟ್ ಹಾಲ್ ಮುನ್ನಡೆಸಿದ ಕೇಂದ್ರ ಇದರ ಒಂದು ದೊಡ್ಡ ಮೂಲ. ಇನ್ನೊಂದು ಮೂಲ ಅಮೆರಿಕದ ಸಮಾಜಶಾಸ್ತ್ರ. ರಿಚರ್ಡ್ ಪೀಟರ್ಸನ್ ಮತ್ತು ಡೇವಿಡ್ ಬರ್ಜರ್ 1975ರಲ್ಲಿ ಅಲ್ಲಿನ ಸಂಗೀತ ಮಾರುಕಟ್ಟೆಯನ್ನು ನೋಡಿ ಒಂದು ವಾದ ಮುಂದಿಟ್ಟರು. ಕೆಲವೇ ಕಂಪನಿಗಳು ಮಾರುಕಟ್ಟೆ ಹಿಡಿದಾಗ ಹಾಡುಗಳಲ್ಲಿ ವೈವಿಧ್ಯ ಕುಗ್ಗುತ್ತದೆ, ಪೈಪೋಟಿ ಹೆಚ್ಚಿದಾಗ ವೈವಿಧ್ಯ ಹೆಚ್ಚುತ್ತದೆ. ಆಮೇಲೆ ಬಂದವರು ಇದನ್ನು ಪ್ರಶ್ನಿಸಿದರು. ಕಂಪನಿಗಳು ಕೆಲವೇ ಇದ್ದರೂ ಒಳಗೆ ಸಣ್ಣ ಸಣ್ಣ ಲೇಬಲ್‌ಗಳಿಗೆ ಜಾಗ ಕೊಟ್ಟರೆ ವೈವಿಧ್ಯ ಉಳಿಯಬಹುದು ಎಂದರು. ಇಂಥ ವಾದ ಪ್ರತಿವಾದ ಸಿಕ್ಕಿದಾಗ ಖುಷಿಪಡಿ. ಹೊಸಬರಿಗೆ ಒಳಗೆ ಬರಲು ಜಾಗ ಇರುವುದು ಅಲ್ಲೇ.

ಓದುವಾಗ ಒಂದು ನೋಟ್ಸ್ ಪದ್ಧತಿ ಇಟ್ಟುಕೊಳ್ಳಿ. ಓದಿದ ಲೇಖನಗಳನ್ನು ಜೋಡಿಸಿಡುವ ಝೊಟೆರೊದಂಥ ಉಚಿತ ಸಾಫ್ಟ್‌ವೇರ್ ಸಾಕು. ಪ್ರತಿ ಲೇಖನಕ್ಕೂ ಮೂರು ಸಾಲು ಬರೆಯಿರಿ: ಇವರು ಏನು ಹೇಳುತ್ತಾರೆ, ಯಾವ ಆಧಾರದ ಮೇಲೆ, ಏನನ್ನು ನೋಡಿಲ್ಲ. ಮೂರನೆಯ ಸಾಲೇ ಮುಂದೆ ನಿಮ್ಮ ಕೈ ಹಿಡಿಯುವುದು.

ಹೆಜ್ಜೆ 2: ಪ್ರಶ್ನೆಯನ್ನು ಕಿರಿದು ಮಾಡಿ

"ಜನಪ್ರಿಯ ಸಂಗೀತದಲ್ಲಿ ಸೃಜನಶೀಲತೆ" ಎಂಬುದು ವಿಷಯ, ಪ್ರಶ್ನೆ ಅಲ್ಲ. "ಡಿಜಿಟಲ್ ಕಾಲದ ಗೀತರಚನೆ" ಕೂಡ ಅಷ್ಟೇ. ಈಗ ಇದನ್ನು ನೋಡಿ: "ಮನೆಯಲ್ಲೇ ಕಂಪ್ಯೂಟರಿನಲ್ಲಿ ಒಬ್ಬರೇ ಹಾಡು ಮಾಡುವವರು ಯಾವ ಹಂತದಲ್ಲಿ ಅದನ್ನು ಬೇರೆಯವರಿಗೆ ಕೇಳಿಸುತ್ತಾರೆ? ಹಾಗೆ ಕೇಳಿಸಿದ ಮೇಲೆ ಹಾಡಿನಲ್ಲಿ ಏನು ಬದಲಾಗುತ್ತದೆ?" ಇದು ಪ್ರಶ್ನೆ. ಯಾರನ್ನು ಭೇಟಿ ಮಾಡಬೇಕು, ಏನನ್ನು ನೋಡಬೇಕು ಅಂತ ಕೂಡಲೇ ಗೊತ್ತಾಗುತ್ತದೆ. ಉತ್ತರ "ಏನೂ ಬದಲಾಗುವುದಿಲ್ಲ" ಎಂದೂ ಬರಬಹುದು. ಹಾಗೆ ಸೋಲುವ ಸಾಧ್ಯತೆ ಇರುವ ಪ್ರಶ್ನೆಯೇ ಒಳ್ಳೆಯ ಪ್ರಶ್ನೆ.

ಮಾಧ್ಯಮದ ಕಡೆಯಿಂದ ಇನ್ನೊಂದು ಉದಾಹರಣೆ ತೆಗೆದುಕೊಳ್ಳೋಣ. ನಿಮಿಷಕ್ಕೆ 78 ಸುತ್ತು ತಿರುಗುವ (78 ಆರ್‌ಪಿಎಂ) ಹತ್ತು ಇಂಚಿನ ರೆಕಾರ್ಡಿನ ಒಂದು ಮುಖದಲ್ಲಿ ಸುಮಾರು ಮೂರು ನಿಮಿಷದ ಹಾಡು ಹಿಡಿಸುತ್ತಿತ್ತು. 1948ರಲ್ಲಿ ಹೆಚ್ಚು ಹೊತ್ತು ಓಡುವ ಎಲ್‌ಪಿ ರೆಕಾರ್ಡ್ ಬಂತು. ಒಂದು ಮುಖದಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ. ಆದರೂ ಹಿಟ್ ಹಾಡು ಬಹುಕಾಲ ಮೂರು ನಿಮಿಷದ ಆಸುಪಾಸಿನಲ್ಲೇ ಉಳಿಯಿತು. ಯಾಕೆ? 1949ರಲ್ಲಿ ಬಂದ 45 ಆರ್‌ಪಿಎಂ ಸಿಂಗಲ್, ಅಂದರೆ ಮುಖಕ್ಕೊಂದೇ ಹಾಡಿನ ಚಿಕ್ಕ ರೆಕಾರ್ಡ್, ಕಾರಣವೇ? ರೇಡಿಯೊದವರು ಉದ್ದ ಹಾಡನ್ನು ಒಪ್ಪುತ್ತಿರಲಿಲ್ಲವೇ? ಅಥವಾ ಅಷ್ಟು ಹೊತ್ತಿಗೆ ಕೇಳುಗರ ಕಿವಿಯೇ ಮೂರು ನಿಮಿಷಕ್ಕೆ ಒಗ್ಗಿತ್ತೇ? ತಂತ್ರಜ್ಞಾನ ಗೋಡೆ ತೆಗೆದ ಮೇಲೂ ರೂಢಿ ಗೋಡೆಯಾಗಿ ನಿಂತಿತು ಎಂಬ ಊಹೆ ಇಲ್ಲಿ ಹುಟ್ಟುತ್ತದೆ.

ಈಗಿನ ಕಾಲಕ್ಕೆ ಬನ್ನಿ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್ ಎಂದು ಲೆಕ್ಕ. ಹಾಗಾದರೆ ಹಾಡು ಮಾಡುವವರು ಪಲ್ಲವಿಯನ್ನು ಬೇಗ ತರುತ್ತಿದ್ದಾರೆಯೇ? "ಹೌದು" ಅಂತ ಸುಮ್ನೆ ಹೇಳಿಬಿಡುವುದು ಸುಲಭ. ಸಂಶೋಧಕರ ಕೆಲಸ ಬೇರೆ. ಒಂದು ಕಾಲದ, ಒಂದು ಬಗೆಯ ಹಾಡುಗಳನ್ನು ಆರಿಸಿ. ಪಲ್ಲವಿ ಎಷ್ಟನೇ ಸೆಕೆಂಡಿಗೆ ಬರುತ್ತದೆ ಎಂದು ಅಳೆಯಿರಿ. ಆಮೇಲೆ ಆ ಹಾಡುಗಳನ್ನು ಮಾಡಿದವರನ್ನೇ ಕೇಳಿ: ಇದು ನಿಮ್ಮ ತಲೆಯಲ್ಲಿತ್ತೇ? ಸ್ಟುಡಿಯೊದಲ್ಲಿ ಯಾರಾದರೂ ಹೇಳಿದರೇ? ಅಳತೆ ಒಂದು ಹೇಳಬಹುದು, ಮಾಡಿದವರು ಇನ್ನೊಂದು ಹೇಳಬಹುದು. ಆ ಎರಡರ ನಡುವಿನ ಅಂತರದಲ್ಲೇ ನಿಮ್ಮ ಥೀಸಿಸ್ ಇದೆ.

ದೊಡ್ಡ ತಾರೆಯರನ್ನು ವಿಷಯ ಮಾಡಿಕೊಳ್ಳಬೇಡಿ ಎಂಬುದು ನನ್ನ ಗಟ್ಟಿ ಸಲಹೆ. ಅವರು ಸಿಗುವುದಿಲ್ಲ. ಸಿಕ್ಕರೂ ನೂರು ಸಲ ಹೇಳಿದ್ದನ್ನೇ ಹೇಳುತ್ತಾರೆ. ಹಾಡು ನಿಜವಾಗಿ ರೂಪ ಪಡೆಯುವ ಜಾಗದಲ್ಲಿ ಇರುವವರನ್ನು ನೋಡಿ. ರೆಕಾರ್ಡಿಂಗ್‌ಗೆ ಕರೆದಾಗ ಬಂದು ನುಡಿಸುವ ಸೆಷನ್ ವಾದಕರು, ಕೋರಸ್ ಹಾಡುವವರು, ಯಾವ ವಾದ್ಯ ಎಲ್ಲಿ ಎಂದು ಹೊಂದಿಸುವ ಅರೇಂಜರ್‌ಗಳು, ಮಿಕ್ಸಿಂಗ್ ಎಂಜಿನಿಯರ್‌ಗಳು. ಇವರ ಕೆಲಸದ ಬಗ್ಗೆ ಬರೆದಿರುವುದು ಕಡಿಮೆ. ಇವರಿಗೆ ಹೇಳಲು ಇರುವುದು ತುಂಬಾ ಜಾಸ್ತಿ. ಅಮೆರಿಕದ ಸಮಾಜಶಾಸ್ತ್ರಜ್ಞ ಹೊವಾರ್ಡ್ ಬೆಕರ್ 1982ರಲ್ಲಿ ಇದನ್ನೇ ಚೆನ್ನಾಗಿ ತೋರಿಸಿದರು. ಯಾವ ಕಲಾಕೃತಿಯೂ ಒಬ್ಬರ ಕೆಲಸ ಅಲ್ಲ, ಒಂದು ದೊಡ್ಡ ಗುಂಪು ಪರಸ್ಪರ ಸಹಕರಿಸಿ ಮಾಡಿದ್ದು ಎಂದರು. ಅವರು ಸ್ವತಃ ಜಾಝ್ ಪಿಯಾನೊ ನುಡಿಸುತ್ತಿದ್ದವರು.

ಹೆಜ್ಜೆ 3: ವಿಭಾಗ ಮತ್ತು ಗೈಡ್ ಆರಿಸಿಕೊಳ್ಳಿ

ಜನಪ್ರಿಯ ಸಂಗೀತ ಎಂಬ ಬೋರ್ಡ್ ಇರುವ ವಿಭಾಗಗಳು ಜಗತ್ತಿನಲ್ಲೇ ಕಡಿಮೆ. ಹಾಗಾಗಿ ಬೇರೆ ಬಾಗಿಲುಗಳಿಂದ ಒಳಗೆ ಹೋಗಬೇಕು. ಸಂಗೀತ, ಮಾಧ್ಯಮ ಅಧ್ಯಯನ, ಸಮಾಜಶಾಸ್ತ್ರ, ಮಾನವಶಾಸ್ತ್ರ, ಮನಶ್ಶಾಸ್ತ್ರ, ಸಾಂಸ್ಕೃತಿಕ ಉದ್ಯಮಗಳ ಅಧ್ಯಯನ. ಯಾವ ಬಾಗಿಲು ಎಂಬುದು ಸಣ್ಣ ವಿಚಾರ ಅಲ್ಲ. ಯಾವುದನ್ನು ಆಧಾರ ಎಂದು ಒಪ್ಪುತ್ತಾರೆ ಎಂಬುದು ಅದರಿಂದಲೇ ತೀರ್ಮಾನ ಆಗುತ್ತದೆ. ಸಂಗೀತ ವಿಭಾಗ "ಸ್ವರ ಎಲ್ಲಿ, ಲಯ ಎಲ್ಲಿ?" ಎಂದು ಕೇಳುತ್ತದೆ. ಸಮಾಜಶಾಸ್ತ್ರ "ಎಷ್ಟು ಜನರನ್ನು ಮಾತಾಡಿಸಿದಿರಿ, ಅವರನ್ನೇ ಯಾಕೆ ಆರಿಸಿದಿರಿ?" ಎನ್ನುತ್ತದೆ. ಮನಶ್ಶಾಸ್ತ್ರ ಅಳತೆ ಕೇಳುತ್ತದೆ. ನಿಮ್ಮ ಪ್ರಶ್ನೆಗೆ ಯಾವ ಬಗೆಯ ಆಧಾರ ಬೇಕು ಎಂದು ನೋಡಿಕೊಂಡು ವಿಭಾಗ ಆರಿಸಿ.

ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಪೂರ್ಣಾವಧಿ ಪಿಎಚ್‌ಡಿಗೆ ಸಾಮಾನ್ಯವಾಗಿ ಮೂರರಿಂದ ನಾಲ್ಕು ವರ್ಷ. ಥೀಸಿಸ್ ಸುಮಾರು 80,000ದಿಂದ 1,00,000 ಪದ. ಅಮೆರಿಕದಲ್ಲಿ ಕೋರ್ಸ್‌ವರ್ಕ್ ಸೇರಿ ಐದು ವರ್ಷಕ್ಕಿಂತ ಜಾಸ್ತಿಯೇ ಹಿಡಿಯುವುದು ಮಾಮೂಲು. ಕೆಲವು ವಿಶ್ವವಿದ್ಯಾಲಯಗಳಲ್ಲಿ ಅಭ್ಯಾಸ ಆಧಾರಿತ ಪಿಎಚ್‌ಡಿ ಕೂಡ ಇದೆ. ನೀವೇ ಹಾಡು ಮಾಡಿ, ರೆಕಾರ್ಡ್ ಮಾಡಿ, ಅದರ ಜೊತೆಗೆ ಚಿಕ್ಕದೊಂದು ಥೀಸಿಸ್ ಕೊಡಬೇಕು. ಸಂಗೀತಗಾರರಿಗೆ ಇದು ಆಕರ್ಷಕವಾಗಿ ಕಾಣುತ್ತದೆ. ಆದರೆ ಇಲ್ಲೂ ಪ್ರಶ್ನೆ ಮೊದಲು, ಹಾಡು ಆಮೇಲೆ. ಆಲ್ಬಂ ಮಾಡುವ ಆಸೆ ಇದೆ ಅಂತ ಈ ದಾರಿ ಹಿಡಿದರೆ, ಬರೆಯುವ ಹೊತ್ತಿಗೆ ಹೇಳಲು ಏನೂ ಇರುವುದಿಲ್ಲ. ಕೆಲಸ ನಡೆಯುತ್ತಿರುವಾಗಲೇ ದಿನಚರಿ ಬರೆದಿಟ್ಟುಕೊಂಡವರಿಗೆ ಮಾತ್ರ ಈ ದಾರಿ ಫಲ ಕೊಡುತ್ತದೆ.

ಗೈಡ್‌ಗೆ ಬರೆಯುವ ಮೊದಲ ಪತ್ರ ಒಂದು ಪುಟ ದಾಟದಿರಲಿ. ನಿಮ್ಮ ಪ್ರಶ್ನೆ ಎರಡು ವಾಕ್ಯದಲ್ಲಿ. ಅದನ್ನು ಹೇಗೆ ನೋಡುತ್ತೀರಿ ಎಂಬುದು ಮೂರು ನಾಲ್ಕು ವಾಕ್ಯದಲ್ಲಿ. ಅವರ ಯಾವ ಬರಹ ಓದಿ, ಅದರ ಯಾವ ಮಾತು ನಿಮ್ಮನ್ನು ಇಲ್ಲಿಗೆ ತಂದಿತು ಎಂಬುದು ಒಂದು ಪ್ಯಾರಾದಲ್ಲಿ. ಹೊಗಳಿಕೆ ಬೇಡ. ಅವರ ವಾದದಲ್ಲಿ ನಿಮಗೆ ಅನುಮಾನ ಇದ್ದರೆ ವಿನಯದಿಂದ ಬರೆಯಿರಿ. ಒಳ್ಳೆಯ ಗೈಡ್‌ಗೆ ಅದೇ ಇಷ್ಟ.

ಹೆಸರಿಗಿಂತ ಸ್ವಭಾವ ನೋಡಿ. ಅವರ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಮಾತಾಡಿಸಿ. ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ಓದಿ ವಾಪಸ್ ಕೊಡುತ್ತಾರೆ? ಕೆಲಸ ಹುಡುಕುವಾಗ ಸಹಾಯ ಮಾಡಿದರೇ? ಈ ಎರಡಕ್ಕೆ ಸಿಗುವ ಉತ್ತರ ಅವರ ಪ್ರಕಟಣೆಗಳ ಪಟ್ಟಿಗಿಂತ ಮುಖ್ಯ. ಇನ್ನೊಂದು ಮಾತು. ಫೆಲೋಶಿಪ್ ಇಲ್ಲದೆ, ಸಾಲ ಮಾಡಿ ಈ ವಿಷಯದಲ್ಲಿ ಪಿಎಚ್‌ಡಿಗೆ ಇಳಿಯಬೇಡಿ. ಮುಂದೆ ಸಿಗುವ ಕೆಲಸ ಆ ಸಾಲವನ್ನು ಬೇಗ ತೀರಿಸುತ್ತದೆ ಎಂಬ ಭರವಸೆ ಯಾರೂ ಕೊಡಲಾರರು.

ಹೆಜ್ಜೆ 4: ಕಿವಿ, ಕೈ ಎರಡನ್ನೂ ಹದಗೊಳಿಸಿ

ವಾದ್ಯ ನುಡಿಸಲು ಬರಲೇಬೇಕೆಂದಿಲ್ಲ. ಆದರೆ ಸ್ಟುಡಿಯೊದ ಮಾತು ಅರ್ಥವಾಗಬೇಕು. ಯಾವುದಾದರೂ ಒಂದು ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದು ಹಾಡನ್ನು ಮೊದಲಿನಿಂದ ಕೊನೆವರೆಗೆ ನೀವೇ ಮಾಡಿ ನೋಡಿ. ಚೆನ್ನಾಗಿರಬೇಕಿಲ್ಲ. ಟೇಕ್, ಓವರ್‌ಡಬ್, ಕಂಪ್ರೆಷನ್, ಮಿಕ್ಸ್ ಇವೆಲ್ಲ ಏನೆಂದು ಕೈಗೆ ಗೊತ್ತಾದರೆ ಸಾಕು. ಹಾಡನ್ನು ಹತ್ತಿರದಿಂದ ವಿಶ್ಲೇಷಿಸಲು ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ತಯಾರಾದ ಸಾನಿಕ್ ವಿಶುವಲೈಸರ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಯಾವ ರೆಕಾರ್ಡ್ ಯಾವಾಗ ಬಂತು, ಯಾರು ನುಡಿಸಿದರು ಎಂದು ಹುಡುಕಲು ಮ್ಯೂಸಿಕ್‌ಬ್ರೈನ್ಸ್, ಡಿಸ್ಕಾಗ್ಸ್ ಎಂಬ ಜಾಲತಾಣಗಳಿವೆ. ಇವು ಬಳಕೆದಾರರೇ ತುಂಬಿದ ಮಾಹಿತಿ. ಮೂಲ ರೆಕಾರ್ಡಿನ ಜೊತೆ ತಾಳೆ ನೋಡದೆ ಥೀಸಿಸ್‌ಗೆ ಹಾಕಬೇಡಿ.

ಹೆಜ್ಜೆ 5: ಹಾಡು ಆಗುವ ಜಾಗಕ್ಕೆ ಹೋಗಿ

ಇಡೀ ಸಂಶೋಧನೆಯ ಜೀವ ಇರುವುದು ಇಲ್ಲಿ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

"ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ?" ಎಂದು ಕೇಳಬೇಡಿ. ಸಂಗೀತಗಾರರಿಗೆ ಇದಕ್ಕೆ ಸಿದ್ಧ ಉತ್ತರ ಇರುತ್ತದೆ. ಮಳೆ, ರಾತ್ರಿ, ಪ್ರಯಾಣ, ದೇವರ ದಯೆ. ಅವರು ಸುಳ್ಳು ಹೇಳುತ್ತಾರೆ ಅಂತ ಅಲ್ಲ. ಮುಗಿದುಹೋದ ಕೆಲಸವನ್ನು ನೆನಪಿಸಿಕೊಳ್ಳುವಾಗ ಮನಸ್ಸು ಅದನ್ನು ಒಂದು ಚೆಂದದ ಕಥೆ ಮಾಡಿಬಿಡುತ್ತದೆ. ಆ ಕಥೆಯಲ್ಲಿ ಬಿಟ್ಟುಹೋದ ಸಾಲುಗಳು, ಗೆಳೆಯರ ತಕರಾರು, ಬೇಸರ ಬಂದು ಎದ್ದು ಹೋದ ಸಂಜೆಗಳು ಇರುವುದಿಲ್ಲ.

ಅದರ ಬದಲು ವಸ್ತುಗಳನ್ನು ಮುಂದಿಟ್ಟುಕೊಂಡು ಮಾತಾಡಿ. ಫೋನಿನಲ್ಲಿ ಉಳಿದಿರುವ ವಾಯ್ಸ್ ರೆಕಾರ್ಡಿಂಗ್‌ಗಳು, ಹೊಡೆದು ಹಾಕಿದ ಸಾಲುಗಳಿರುವ ನೋಟ್‌ಬುಕ್, ಸಾಫ್ಟ್‌ವೇರ್‌ನ ಹಳೆಯ ಪ್ರಾಜೆಕ್ಟ್ ಫೈಲ್‌ಗಳು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ಗೀತರಚನೆಕಾರರ ಫೋನಿನಲ್ಲಿ ಒಂದೇ ಹಾಡಿನ ಏಳು ರೆಕಾರ್ಡಿಂಗ್ ಇವೆ. ಮೊದಲನೆಯದರಲ್ಲಿ ಮಾತೇ ಇಲ್ಲ. ಬರೀ "ನ ನ ನ" ಎಂಬ ಗುನುಗು. ಮೂರನೆಯದರಲ್ಲಿ ಮೊದಲ ಸಾಲು ಬಂದಿದೆ. ಆದರೆ ಒಂದು ಅಕ್ಷರ ಹೆಚ್ಚಾಗಿ, ಸಾಲಿನ ಕೊನೆಯಲ್ಲಿ ಟ್ಯೂನ್ ಎಳೆದಂತಾಗುತ್ತಿದೆ. ನಾಲ್ಕನೆಯದರಲ್ಲಿ ಆ ಪದ ಹೋಗಿ ಚಿಕ್ಕ ಪದ ಬಂದಿದೆ. ಆರನೆಯದರಲ್ಲಿ ಇಡೀ ಹಾಡಿನ ಶ್ರುತಿ ಇಳಿದಿದೆ.

ಈಗ ಕೇಳಿ: "ಇಲ್ಲಿ ಒಂದು ಅಕ್ಷರ ಕಡಿಮೆ ಆಗಿದೆ ಅಲ್ವಾ? ಯಾರಾದ್ರೂ ಹೇಳಿದ್ರಾ, ನಿಮಗೇ ಅನ್ನಿಸ್ತಾ?" ಇಂಥ ಪ್ರಶ್ನೆಗೆ ಸಿದ್ಧ ಉತ್ತರ ಇರುವುದಿಲ್ಲ. ಅವರು ಯೋಚಿಸುತ್ತಾರೆ. "ಮೊದಲಿನ ಪದ ಅರ್ಥಕ್ಕೆ ಚೆನ್ನಾಗಿತ್ತು, ಹಾಡೋಕೆ ಬಾಯಿಗೆ ಸಿಕ್ತಿರ್ಲಿಲ್ಲ" ಎನ್ನಬಹುದು. ಅದು ಪರಂಪರೆಯ, ಛಂದಸ್ಸಿನ ಒತ್ತಡ. "ಕೀಬೋರ್ಡ್ ನುಡಿಸುವ ಗೆಳೆಯ ನಕ್ಕುಬಿಟ್ಟ" ಎನ್ನಬಹುದು. ಅದು ಒಪ್ಪುವ ಜನ. "ಆ ಪದ ನನ್ನದಲ್ಲ ಅನ್ನಿಸ್ತು" ಎನ್ನಬಹುದು. ಅದು ವ್ಯಕ್ತಿ. ಚಿಕ್‌ಸೆಂಟ್‌ಮಿಹಾಯಿ ಹೇಳಿದ ಮೂರೂ ಭಾಗ ಒಂದೇ ಅಕ್ಷರದ ಸುತ್ತ ಹೀಗೆ ಕಾಣಿಸಿಕೊಳ್ಳಬಹುದು. ಥಿಯರಿಯನ್ನು ಮೊದಲ ಅಧ್ಯಾಯದಲ್ಲಿ ಬರೆದು ಮರೆತುಬಿಡುವ ಥೀಸಿಸ್‌ಗಳೇ ಜಾಸ್ತಿ. ಅದು ಕೆಲಸಕ್ಕೆ ಬರಬೇಕಾದ್ದು ಇಂಥ ಕಡೆ. ಶ್ರುತಿ ಇಳಿದ ಕಾರಣವನ್ನೂ ಕೇಳಿ. ಹಾಡುವವರು ಬದಲಾದದ್ದಕ್ಕೆ ಹಾಡೇ ಬದಲಾಗಿರಬಹುದು.

ಸ್ಟುಡಿಯೊದಲ್ಲಿ ಕುಳಿತು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಮೂಲೆಯಲ್ಲಿ ಕೂರಿ. ಸಲಹೆ ಕೇಳಿದರೂ ಕೊಡಬೇಡಿ. ಯಾವುದು ಉಳಿಯಿತು ಎಂಬುದಕ್ಕಿಂತ ಯಾವುದನ್ನು ಕೈಬಿಟ್ಟರು ಎಂಬುದನ್ನು ಬರೆದುಕೊಳ್ಳಿ. ಉಳಿದದ್ದು ಹೇಗೂ ಹಾಡಿನಲ್ಲಿ ಇರುತ್ತದೆ. ಕೈಬಿಟ್ಟದ್ದು ನಿಮ್ಮ ಟಿಪ್ಪಣಿಯಲ್ಲಿ ಮಾತ್ರ ಉಳಿಯುತ್ತದೆ. ಯಾರು ಹೇಳಿದರು, ಯಾವ ಮಾತಿನಲ್ಲಿ ಹೇಳಿದರು, ಯಾರು ಸುಮ್ಮನಾದರು ಇವೆಲ್ಲ ಬೇಕು. "ಇದು ವರ್ಕ್ ಆಗ್ತಿಲ್ಲ" ಎಂದರೆ "ಇದು ವರ್ಕ್ ಆಗ್ತಿಲ್ಲ" ಎಂದೇ ಬರೆಯಿರಿ. ಅದನ್ನು ಶಾಸ್ತ್ರೀಯ ಭಾಷೆಗೆ ತಿರುಗಿಸಬೇಡಿ. ಟಿಪ್ಪಣಿಯನ್ನು ಅದೇ ರಾತ್ರಿ ವಿವರವಾಗಿ ತುಂಬಿಸಿ. ಬೆಳಗಾದರೆ ಅರ್ಧ ಹೋಗಿರುತ್ತದೆ.

ಒಂದು ಗಂಟೆಯ ಸಂದರ್ಶನವನ್ನು ಅಕ್ಷರಕ್ಕೆ ಇಳಿಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಸಾಫ್ಟ್‌ವೇರ್ ಈಗ ಸಹಾಯ ಮಾಡುತ್ತದೆ. ಆದರೂ ಮೊದಲ ಕೆಲವು ಸಂದರ್ಶನಗಳನ್ನು ನೀವೇ ಬರೆದುಕೊಳ್ಳಿ. ಎಲ್ಲಿ ತಡವರಿಸಿದರು, ಎಲ್ಲಿ ಹಾಡಿ ತೋರಿಸಿದರು ಎಂಬುದು ಕೇಳುತ್ತಾ ಬರೆದವರಿಗೇ ಗೊತ್ತಾಗುವುದು.

ಹೆಜ್ಜೆ 6: ಒಪ್ಪಿಗೆ ಮತ್ತು ಹಕ್ಕು

ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಅನುಮತಿ ಇಲ್ಲದೆ ಒಂದು ಸಂದರ್ಶನವನ್ನೂ ಶುರು ಮಾಡಬೇಡಿ. ಅದಕ್ಕೆ ಕೆಲವು ತಿಂಗಳು ಹಿಡಿಯಬಹುದು. ಮೊದಲ ವರ್ಷವೇ ಅರ್ಜಿ ಹಾಕಿ.

ಸಂಗೀತಗಾರರ ವಿಷಯದಲ್ಲಿ ಒಂದು ವಿಶೇಷ ತೊಡಕಿದೆ. ಹೆಸರು ಮರೆಮಾಡಿದರೂ ಹಾಡಿನ ವಿವರ ಕೊಟ್ಟ ಕೂಡಲೇ ಯಾರೆಂದು ಗೊತ್ತಾಗಿಬಿಡುತ್ತದೆ. ಇದನ್ನು ಮೊದಲೇ ಬಿಡಿಸಿ ಹೇಳಿ. ಹೆಸರು ಹಾಕಬೇಕೇ, ಬೇಡವೇ ಎಂದು ಅವರೇ ತೀರ್ಮಾನಿಸಲಿ. ಎಷ್ಟೋ ಜನರಿಗೆ ತಮ್ಮ ಕೆಲಸಕ್ಕೆ ತಮ್ಮ ಹೆಸರು ಬರುವುದೇ ಇಷ್ಟ. ಅದರಲ್ಲೂ ಎಂದೂ ಹೆಸರು ಸಿಗದ ಸೆಷನ್ ವಾದಕರಿಗೆ. ಕಂಪನಿಯ ಬಗ್ಗೆ, ಜೊತೆಗಾರರ ಬಗ್ಗೆ ಆಡಿದ ಖಾರದ ಮಾತುಗಳನ್ನು ಪ್ರಕಟಿಸುವ ಮೊದಲು ಮತ್ತೊಮ್ಮೆ ತೋರಿಸಿ. ಅವರ ಮುಂದಿನ ಅನ್ನ ಅದರ ಮೇಲೆ ನಿಂತಿರಬಹುದು.

ಬಿಡುಗಡೆಯಾಗದ ಹಾಡಿನ ಡೆಮೊ ನಿಮ್ಮ ಕೈಗೆ ಬಂದರೆ ಅದು ನಂಬಿಕೆಯ ಒತ್ತೆ. ಪಾಸ್‌ವರ್ಡ್ ಹಾಕಿ ಇಡಿ. ಯಾರಿಗೂ ಕೇಳಿಸಬೇಡಿ, ಸೆಮಿನಾರಿನಲ್ಲೂ ಬೇಡ. ಇನ್ನು ಹಕ್ಕಿನ ವಿಚಾರ. ಒಂದು ಧ್ವನಿಮುದ್ರಣದಲ್ಲಿ ಎರಡು ಬಗೆಯ ಹಕ್ಕು ಇರುತ್ತದೆ. ರಚನೆಯ ಹಕ್ಕು ಒಂದು, ರೆಕಾರ್ಡಿಂಗ್‌ನ ಹಕ್ಕು ಇನ್ನೊಂದು. ಇವೆರಡೂ ಬೇರೆ ಬೇರೆಯವರ ಕೈಯಲ್ಲಿ ಇರಬಹುದು. ಥೀಸಿಸ್‌ನಲ್ಲಿ ಹಾಡಿನ ಸಾಲು ಉದಾಹರಿಸುವುದು ಒಂದು ಮಾತು, ಅದೇ ಪುಸ್ತಕವಾದಾಗ ಪ್ರಕಾಶಕರು ಅನುಮತಿ ಪತ್ರ ಕೇಳುವುದು ಇನ್ನೊಂದು. ಸಾಧ್ಯವಾದ ಕಡೆ ಸಾಲನ್ನು ಉದ್ಧರಿಸದೆ, ಅದರಲ್ಲಿ ಏನಾಗುತ್ತಿದೆ ಎಂದು ನಿಮ್ಮ ಮಾತಿನಲ್ಲೇ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ವಿಶ್ಲೇಷಣೆಯೂ ಅದರಿಂದ ಚುರುಕಾಗುತ್ತದೆ.

ಹೆಜ್ಜೆ 7: ಬರೆಯಿರಿ, ಪ್ರಕಟಿಸಿ

ಮೊದಲು ಸಮ್ಮೇಳನ. ಸಾಮಾನ್ಯವಾಗಿ ಇಪ್ಪತ್ತು ನಿಮಿಷ ಮಾತು, ಹತ್ತು ನಿಮಿಷ ಪ್ರಶ್ನೋತ್ತರ. ಐಎಎಸ್‌ಪಿಎಂ ಎರಡು ವರ್ಷಕ್ಕೊಮ್ಮೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಸುತ್ತದೆ. ಬೇರೆ ಬೇರೆ ದೇಶ, ಪ್ರದೇಶಗಳಲ್ಲಿ ಅದರ ಶಾಖೆಗಳೂ ಇವೆ. ಸ್ಟುಡಿಯೊ ಕೆಲಸದ ಮೇಲೆ ಸಂಶೋಧನೆ ಮಾಡುವವರು 2005ರಿಂದ ನಡೆಯುತ್ತಿರುವ 'ಆರ್ಟ್ ಆಫ್ ರೆಕಾರ್ಡ್ ಪ್ರೊಡಕ್ಷನ್' ಬಳಗವನ್ನು ನೋಡಬೇಕು. ಇಪ್ಪತ್ತು ನಿಮಿಷಕ್ಕೆ ಒಂದೇ ವಾದ ಸಾಕು. ಹಾಡು ಕೇಳಿಸುವುದಾದರೆ ಏನನ್ನು ಗಮನಿಸಬೇಕು ಎಂದು ಮೊದಲೇ ಹೇಳಿ ಕೇಳಿಸಿ. ಆಮೇಲೆ ಹೇಳಿದರೆ ಯಾರಿಗೂ ನೆನಪಿರುವುದಿಲ್ಲ.

ಆಮೇಲೆ ಜರ್ನಲ್. ಕಳಿಸುವ ಮೊದಲು ಅದರ ಕಳೆದ ಎರಡು ವರ್ಷದ ಸಂಚಿಕೆಗಳನ್ನು ತಿರುವಿ ಹಾಕಿ. ನಿಮ್ಮ ಲೇಖನ ಯಾರ ಜೊತೆ ಮಾತಿಗೆ ಇಳಿದಿದೆ ಎಂದು ಗೊತ್ತಾಗಬೇಕು. ವಿಮರ್ಶಕರ ಉತ್ತರ ಬರಲು ತಿಂಗಳುಗಟ್ಟಲೆ ಆಗುತ್ತದೆ. "ತಿದ್ದಿ ಮತ್ತೆ ಕಳಿಸಿ" ಎಂದು ಬಂದರೆ ಅದು ಒಳ್ಳೆಯ ಸುದ್ದಿ. ಒಂದು ಪಟ್ಟಿ ಮಾಡಿ. ಎಡಗಡೆ ಅವರ ಪ್ರತಿಯೊಂದು ಮಾತು, ಬಲಗಡೆ ನೀವು ಏನು ಬದಲಿಸಿದಿರಿ, ಯಾವ ಪುಟದಲ್ಲಿ. ಒಪ್ಪದಿದ್ದರೆ ಯಾಕೆ ಒಪ್ಪುವುದಿಲ್ಲ ಎಂದು ಎರಡು ವಾಕ್ಯ. ಕೋಪ ಬಂದ ದಿನ ಉತ್ತರ ಬರೆಯಬೇಡಿ.

ವಾರದೊಳಗೆ ಪ್ರಕಟಿಸುತ್ತೇವೆ, ಹಣ ಕಳಿಸಿ ಎನ್ನುವ ಜರ್ನಲ್‌ಗಳಿಂದ ದೂರ ಇರಿ. ಉಚಿತವಾಗಿ ಓದಲು ಸಿಗುವ ಒಳ್ಳೆಯ ಜರ್ನಲ್‌ಗಳು ಬೇಕಿದ್ದರೆ ಡಿಒಎಜೆ ಎಂಬ ಮುಕ್ತ ಜರ್ನಲ್‌ಗಳ ಆನ್‌ಲೈನ್ ಪಟ್ಟಿಯಿಂದ ಹುಡುಕಲು ಶುರು ಮಾಡಬಹುದು. ಐಎಎಸ್‌ಪಿಎಂನ ಸ್ವಂತ ಜರ್ನಲ್ ಕೂಡ ಉಚಿತವಾಗಿ ಓದಲು ಸಿಗುತ್ತದೆ. ಒಂದು ಆರ್ಕಿಡ್ (ORCID) ಐಡಿ, ಅಂದರೆ ಸಂಶೋಧಕರ ಗುರುತಿನ ಸಂಖ್ಯೆ, ಮಾಡಿಸಿಟ್ಟುಕೊಳ್ಳಿ. ಒಂದೇ ಹೆಸರಿನ ಹತ್ತು ಸಂಶೋಧಕರ ನಡುವೆ ನಿಮ್ಮ ಕೆಲಸ ನಿಮ್ಮದಾಗಿ ಉಳಿಯುತ್ತದೆ.

ಹೆಜ್ಜೆ 8: ಕೆಲಸ ಹುಡುಕುವುದು

ಅಗಲವಾದ ತಯಾರಿ ಎಂದದ್ದು ಇಲ್ಲಿಗೆ. ಉದ್ಯೋಗ ಜಾಹೀರಾತಿನಲ್ಲಿ "ಜನಪ್ರಿಯ ಸಂಗೀತ" ಎಂಬ ಮಾತು ಅಪರೂಪ. "ಮಾಧ್ಯಮ ಮತ್ತು ಸಂವಹನ", "ಸಾಂಸ್ಕೃತಿಕ ಉದ್ಯಮಗಳು", "ಧ್ವನಿ ಮತ್ತು ದೃಶ್ಯ ನಿರ್ಮಾಣ" ಹೀಗೆ ಇರುತ್ತದೆ. ಆ ವಿಭಾಗಕ್ಕೆ ಬೇಕಾದದ್ದು ಮಾಧ್ಯಮ ಇತಿಹಾಸ, ಸಂಶೋಧನಾ ವಿಧಾನ, ರೇಡಿಯೊ ಅಥವಾ ಪಾಡ್‌ಕಾಸ್ಟ್ ತಯಾರಿ ಪಾಠ ಮಾಡಬಲ್ಲವರು. ಪಿಎಚ್‌ಡಿ ಮಾಡುತ್ತಿರುವಾಗಲೇ ಇವುಗಳಲ್ಲಿ ಎರಡನ್ನಾದರೂ ಪಾಠ ಮಾಡಿ. ಪಠ್ಯಕ್ರಮ, ವಿದ್ಯಾರ್ಥಿಗಳ ಅಭಿಪ್ರಾಯ, ನೀವು ತಯಾರಿಸಿದ ಅಸೈನ್‌ಮೆಂಟ್ ಎಲ್ಲವನ್ನೂ ಒಂದು ಕಡೆ ಜೋಡಿಸಿಡಿ.

ಸಂದರ್ಶನದಲ್ಲಿ ಮಾದರಿ ಪಾಠ ಮಾಡಿಸಿದರೆ ನಿಮ್ಮ ಥೀಸಿಸ್ ಹೇಳಲು ಹೋಗಬೇಡಿ. ಮೊದಲ ವರ್ಷದ ವಿದ್ಯಾರ್ಥಿಗೆ ಅರ್ಥವಾಗುವ ಒಂದು ಸಂಗತಿ ಹಿಡಿಯಿರಿ. ಮೂರು ನಿಮಿಷದ ಹಾಡು ಯಾಕೆ ಮೂರು ನಿಮಿಷ ಎಂಬುದೊಂದೇ ಸಾಕು. ಅದರಲ್ಲಿ ತಂತ್ರಜ್ಞಾನ, ಮಾರುಕಟ್ಟೆ, ರೂಢಿ, ಕಲೆ ಎಲ್ಲವೂ ಬರುತ್ತದೆ.

ಕಾಯಂ ಕೆಲಸ ಕೂಡಲೇ ಸಿಗುವುದು ಕಡಿಮೆ. ನಡುವೆ ಗುತ್ತಿಗೆಯ ಪಾಠ, ಒಂದರಿಂದ ಮೂರು ವರ್ಷದ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಬರುತ್ತವೆ. ಎಷ್ಟು ವರ್ಷ ಹೀಗೆ ನಡೆಸಲು ಸಾಧ್ಯ ಎಂದು ಮನೆಯವರ ಜೊತೆ ಕೂತು ಮೊದಲೇ ಮಾತಾಡಿಕೊಳ್ಳಿ. ಆ ಗಡುವು ಮುಗಿದ ಮೇಲೂ ಈ ಓದು ಕೈಬಿಡುವುದಿಲ್ಲ. ಧ್ವನಿ ಸಂಗ್ರಹಾಲಯಗಳು, ಪ್ರಸಾರ ಸಂಸ್ಥೆಗಳು, ಹಕ್ಕು ನಿರ್ವಹಿಸುವ ಸಂಘಗಳು, ಸ್ಟ್ರೀಮಿಂಗ್ ಕಂಪನಿಗಳ ಸಂಶೋಧನಾ ತಂಡಗಳು ಇಂಥವರನ್ನು ಹುಡುಕುತ್ತವೆ. ಅಲ್ಲಿಗೆ ಅರ್ಜಿ ಹಾಕುವಾಗ ಥೀಸಿಸ್‌ನ ಹೆಸರಿಗಿಂತ, ಸಂದರ್ಶನ ಮಾಡುವುದು, ಸಂಗ್ರಹ ಜೋಡಿಸುವುದು, ಹಕ್ಕಿನ ವಿಚಾರ ಬಲ್ಲೆ ಎಂಬುದು ಮೇಲೆ ಇರಲಿ.

ಥೀಸಿಸ್ ಸಲ್ಲಿಸುವುದಕ್ಕೆ ಒಂದು ವರ್ಷ ಮೊದಲೇ ಅರ್ಜಿ ಹಾಕಲು ಶುರು ಮಾಡಿ. ಶಿಫಾರಸು ಪತ್ರ ಬರೆಯುವವರಿಗೆ ಕನಿಷ್ಠ ಮೂರು ವಾರ ಸಮಯ ಕೊಡಿ. ಜೊತೆಗೆ ಜಾಹೀರಾತು, ನಿಮ್ಮ ಅರ್ಜಿ, ಅವರು ಯಾವ ವಿಷಯದ ಮೇಲೆ ಒತ್ತು ಕೊಡಬೇಕು ಎಂಬ ನಾಲ್ಕು ಸಾಲು ಕಳಿಸಿ.